ನಾಲೆ ಕಂಡಿತು, ನೀರು ಎಲ್ಲಿ?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ನಿಂತು ನೋಡಿ. ವೈದ್ಯರ ನಾಮಫಲಕಗಳು, ಔಷಧದ ಅಂಗಡಿಗಳು, ಸ್ಕ್ಯಾನಿಂಗ್ ಕೇಂದ್ರಗಳು. ಅವುಗಳ ನಡುವೆ ಅಗಲವಾದ ಲಕೋಟೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಸುತ್ತಲ ಹಳ್ಳಿಗಳ ಜನ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಾವು ಅಲ್ಲಿಗೆ ಹೋಗಿದ್ದಾಗ ಹಿರಿಯ ರೈತರೊಬ್ಬರು ತಮ್ಮ ಕೊರಳಿನ ರಕ್ತನಾಳದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದು ದಿನ ಬಲಗೈ ಸೋತು, ಮಾತು ತೊದಲಿ, ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗಿತ್ತಂತೆ. ಅವರು ಹರಿಹರದ ಕಡೆಯವರು. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಅವರ ಗದ್ದೆ. ನಾಳ ಒಂದೆಡೆ ಕಿರಿದಾಗಿರುವುದನ್ನು ಅಲ್ಲಿದ್ದ ತಂತ್ರಜ್ಞರು ಬೆರಳಿಟ್ಟು ತೋರಿಸಿದರು. ರೈತರು ಕೇಳಿದ್ದು ಒಂದೇ ಪ್ರಶ್ನೆ: “ನಾಲಿ ಸಣ್ಣದಾಗೈತಿ, ಅದು ಗೊತ್ತಾತು ಸರ. ನೀರು ಎಷ್ಟು ಹೋಗ್ತೈತಿ ಅನ್ನೋದು ಇದರಾಗ ಎಲ್ಲಿ ಕಾಣ್ತೈತಿ?”

ಪ್ರಿಯ ವಿದ್ಯಾರ್ಥಿಗಳೇ, ಮಿದುಳಿಗೆ ರಕ್ತ ಒಯ್ಯುವ ನಾಳದ ಮೇಲೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ವೈದ್ಯರು ಇನ್ನೂರು ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿರುವುದೂ ಇದೇ ಪ್ರಶ್ನೆಯನ್ನು. ಕಿರುತೆರೆಯ ಮಾತುಕತೆಯಲ್ಲಿ ಯಂತ್ರಗಳನ್ನು ತೋರಿಸುವುದು ಸುಲಭ. ಆ ಯಂತ್ರಗಳ ಹಿಂದಿನ ಕಥೆಗೆ ಅಲ್ಲಿ ಸಮಯ ಸಾಲುವುದಿಲ್ಲ. ಅದನ್ನು ಈ ಪುಟಗಳಲ್ಲಿ ಓದಿ.

ಮೊದಲು ಸ್ವಲ್ಪ ಲೆಕ್ಕ. ವಯಸ್ಕರ ಮಿದುಳು ಸುಮಾರು 1400 ಗ್ರಾಂ ತೂಗುತ್ತದೆ. ದೇಹದ ತೂಕದ ನೂರರಲ್ಲಿ ಎರಡು ಪಾಲು. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ನೂರಕ್ಕೆ ಹದಿನೈದು ಪಾಲನ್ನೂ, ದೇಹ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲನ್ನೂ ಅದೊಂದೇ ಪಡೆಯುತ್ತದೆ. ಕೊರಳಿನ ಎರಡು ಪಕ್ಕದಲ್ಲಿ ಕೆರೋಟಿಡ್ ಎಂಬ ಎರಡು ದೊಡ್ಡ ಅಪಧಮನಿಗಳು. ಹಿಂದೆ ಬೆನ್ನುಮೂಳೆಯ ರಂಧ್ರಗಳ ಮೂಲಕ ಏರುವ ಇನ್ನೆರಡು. ಹಿಂದಿನ ಈ ಎರಡು, ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದಂತೆ, ಮಿದುಳಿನ ಬುಡದಲ್ಲಿ ಸೇರಿ ಒಂದಾಗುತ್ತವೆ. ಆಮೇಲೆ ಎಲ್ಲವೂ ಸಣ್ಣ ಸಣ್ಣ ಕೊಂಡಿಗಳಿಂದ ಬೆಸೆದುಕೊಂಡು ಒಂದು ಬಳೆಯಾಗುತ್ತವೆ. ಒಂದು ನಾಳ ಮುಚ್ಚಿದರೂ ಉಳಿದವು ಈ ಬಳೆಯ ಮೂಲಕ ನೆರವಿಗೆ ಬರಬಹುದು. ‘ಬಹುದು’ ಎಂಬ ಮಾತನ್ನು ನೆನಪಿಡಿ. ಈ ಬಳೆ ಎಲ್ಲರಲ್ಲೂ ಪೂರ್ಣವಾಗಿರುವುದಿಲ್ಲ.

ಆ ಬಳೆಗೆ ವಿಲ್ಲಿಸ್ ವೃತ್ತವೆಂದು ಹೆಸರು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಮಿದುಳಿನ ಅಂಗರಚನೆಯ ಗ್ರಂಥದಲ್ಲಿ ಅದರ ವಿವರಣೆಯಿದೆ. ಗ್ರಂಥಕ್ಕೆ ಚಿತ್ರ ಬರೆದವರಲ್ಲಿ, ಮುಂದೆ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ಕಟ್ಟಿಸಿದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕೂಡ ಒಬ್ಬರು. ವಿಲ್ಲಿಸ್ ಮೃತದೇಹದ ಕೊರಳಿನ ಒಂದು ನಾಳಕ್ಕೆ ಶಾಯಿ ಬೆರೆಸಿದ ದ್ರವವನ್ನು ತಳ್ಳಿದರು. ಅದು ಇನ್ನೊಂದು ಪಕ್ಕದಲ್ಲಿ ಬಂದಿತು. ಬೇರೆ ಕಾಯಿಲೆಯಿಂದ ಸತ್ತ ಒಬ್ಬನ ಬಲ ಕೆರೋಟಿಡ್ ಪೂರ್ತಿ ಗಟ್ಟಿಯಾಗಿ ಮುಚ್ಚಿಹೋಗಿದ್ದನ್ನೂ ಅವರು ಕಂಡರು. ಆತನಿಗೆ ಬದುಕಿದ್ದಾಗ ಲಕ್ವ ಹೊಡೆದಿರಲಿಲ್ಲ. ಅದೇ ಪಕ್ಕದ ಹಿಂಬದಿಯ ನಾಳ ಸಹಜಕ್ಕಿಂತ ಮೂರು ಪಟ್ಟು ದಪ್ಪವಾಗಿತ್ತು. ನಾಳ ಮುಚ್ಚಿದ ಮಾತ್ರಕ್ಕೆ ನೀರು ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಇದೇ ಮೊದಲ ಸಾಕ್ಷಿ ಎನ್ನಬಹುದು.

ಆದರೆ ಸತ್ತವರಲ್ಲಿ ಕಂಡದ್ದನ್ನು ಬದುಕಿರುವವರಲ್ಲಿ ತಿಳಿಯುವುದು ಹೇಗೆ? 1805ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ಕೊರಳಿನ ನಾಳ ಉಬ್ಬಿ ಒಡೆಯುವಂತಿದ್ದ ರೋಗಿಯೊಬ್ಬರ ಕೆರೋಟಿಡನ್ನು ದಾರದಿಂದ ಕಟ್ಟಿದರು. ರೋಗಿ ಬದುಕಲಿಲ್ಲ. 1808ರಲ್ಲಿ ಇನ್ನೊಬ್ಬರಿಗೆ ಅದನ್ನೇ ಮಾಡಿದರು. ಅವರು ಮತ್ತೆ ಹದಿಮೂರು ವರ್ಷ ಬಾಳಿದರು. ಒಂದೇ ಶಸ್ತ್ರಚಿಕಿತ್ಸೆಯಿಂದ ಯಾರ ಮಿದುಳು ಉಳಿಯುತ್ತದೆ, ಯಾರದು ಉಳಿಯುವುದಿಲ್ಲ ಎಂದು ಮೊದಲೇ ತಿಳಿಯುವ ದಾರಿ ಆಗ ಇರಲಿಲ್ಲ. ನೂರು ವರ್ಷದ ನಂತರ, 1911ರಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸಿನ ರುಡಾಲ್ಫ್ ಮಟಾಸ್ ಸರಳವಾದ ಪರೀಕ್ಷೆಯೊಂದನ್ನು ಮುಂದಿಟ್ಟರು. ಶಸ್ತ್ರಚಿಕಿತ್ಸೆಗೆ ಮುನ್ನ ಕೊರಳಿನ ನಾಳವನ್ನು ಹೊರಗಿನಿಂದಲೇ ಅದುಮಿ ಹಿಡಿಯುವುದು, ರೋಗಿ ಮಾತಾಡುತ್ತಾರೆಯೇ, ಕೈ ಎತ್ತುತ್ತಾರೆಯೇ ಎಂದು ನೋಡುವುದು. (ಇದನ್ನು ನೀವು ಯಾರ ಮೇಲೂ ಮಾಡಿ ನೋಡಬಾರದು, ಪ್ರಾಣಾಪಾಯವಿದೆ.) ಯಾವ ಉಪಕರಣವೂ ಬೇಡದ ಈ ಪರೀಕ್ಷೆಯ ವಿಚಾರ ಇಂದಿಗೂ ಬದುಕಿದೆ. ಮಾಸ್ಕೋದ ಸೆರ್ಬಿನೆಂಕೊ 1970ರ ದಶಕದಲ್ಲಿ ನಾಳದೊಳಗೇ ಪುಟ್ಟ ಬಲೂನನ್ನು ಊದಿ ಮುಚ್ಚುವ ವಿಧಾನ ತಂದ ಮೇಲೆ ಬೆರಳಿನ ಕೆಲಸವನ್ನು ಬಲೂನು ವಹಿಸಿಕೊಂಡಿತು.

ಇಷ್ಟರಲ್ಲಿ ಚಿತ್ರಗಳ ಯುಗ ಆರಂಭವಾಗಿತ್ತು. 1895ರಲ್ಲಿ ರಂಟ್‌ಜನ್ ಕಂಡುಹಿಡಿದ ಕ್ಷ-ಕಿರಣಕ್ಕೆ ಮೂಳೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಎಂಬ ನರವೈದ್ಯರು, ಕ್ಷ-ಕಿರಣವನ್ನು ತಡೆಯುವ ದ್ರವವನ್ನು ಕೊರಳಿನ ನಾಳಕ್ಕೆ ಚುಚ್ಚಿ ಚಿತ್ರ ತೆಗೆಯಲು ಹೊರಟರು. ಮೊದಲು ಬಳಸಿದ ಸ್ಟ್ರಾಂಷಿಯಂ ಬ್ರೋಮೈಡಿನಿಂದ ಒಬ್ಬ ರೋಗಿ ತೀರಿಕೊಂಡರು. ದ್ರವವನ್ನು ಸೋಡಿಯಂ ಅಯೊಡೈಡಿಗೆ ಬದಲಾಯಿಸಿ, 1927ರ ಜೂನ್ 28ರಂದು ಬದುಕಿರುವ ಮನುಷ್ಯನ ಮಿದುಳಿನ ರಕ್ತನಾಳಗಳನ್ನು ಲಿಸ್ಬನ್ನಿನಲ್ಲಿ ಫಿಲ್ಮಿನ ಮೇಲೆ ಮೂಡಿಸಿದರು. ಆಮೇಲೆ ಬಂದ ಥೋರೋಟ್ರಾಸ್ಟ್ ಎಂಬ ದ್ರವ ಸೊಗಸಾದ ಚಿತ್ರ ಕೊಡುತ್ತಿತ್ತು, ಆದರೆ ಅದರಲ್ಲಿದ್ದ ಥೋರಿಯಂ ವಿಕಿರಣಶೀಲ. ಅದು ದೇಹದಲ್ಲೇ ಉಳಿದು, ಹಲವು ವರ್ಷಗಳ ಬಳಿಕ ಎಷ್ಟೋ ಜನರಿಗೆ ಕ್ಯಾನ್ಸರ್ ತಂದಿತು. ಇನ್ನೊಂದು ವಿಪರ್ಯಾಸ ಕೇಳಿ. ಮೋನಿಜರಿಗೆ 1949ರಲ್ಲಿ ನೊಬೆಲ್ ಬಂತು. ಅದು ಆಂಜಿಯೋಗ್ರಫಿಗೆ ಬರಲಿಲ್ಲ, ಮಾನಸಿಕ ರೋಗಿಗಳ ಮಿದುಳಿನ ತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಬಂತು. ಬಹುಮಾನ ಪಡೆದದ್ದನ್ನು ವೈದ್ಯಲೋಕ ಕೈಬಿಟ್ಟಿದೆ, ಪಡೆಯದೇ ಹೋದದ್ದನ್ನು ದಿನವೂ ಬಳಸುತ್ತಿದೆ.

ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರು ನರಶಸ್ತ್ರವೈದ್ಯರಾದ ಡಾ. ಆರ್. ಮಾರ್ತಾಂಡ ವರ್ಮ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದದ್ದು 1965ರಲ್ಲಿ. ಆ ವರ್ಷ ಜಗತ್ತಿನ ಯಾವ ಊರಿನಲ್ಲೂ ಸಿ.ಟಿ. ಯಂತ್ರವಿರಲಿಲ್ಲ ಎಂಬುದನ್ನು ಗಮನಿಸಿ. ಮಿದುಳಿನ ನಾಳ ನೋಡಬೇಕೆಂದರೆ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಕೊರಳಿಗೇ ಸೂಜಿ ಚುಚ್ಚಿ, ದ್ರವ ತಳ್ಳಿ, ಒಂದರ ಹಿಂದೊಂದು ಫಿಲ್ಮು ತೆಗೆಯುತ್ತಿದ್ದರು. ದ್ರವ ಮಿದುಳನ್ನು ದಾಟಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಆ ಸಾಲು ಚಿತ್ರಗಳಿಂದ ತಿಳಿಯುತ್ತಿತ್ತು. ಎಷ್ಟು ರಕ್ತ ದಾಟಿತು ಎಂದು ತಿಳಿಯುತ್ತಿರಲಿಲ್ಲ.

ಆ ‘ಎಷ್ಟು’ ಎಂಬುದಕ್ಕೆ ಉತ್ತರ ಕೊಟ್ಟವರು ಚಿತ್ರ ತೆಗೆಯುವವರಲ್ಲ. ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ 1945ರಲ್ಲಿ ನಗೆ ಅನಿಲವನ್ನು ಬಳಸಿದರು. ಸ್ವಯಂಸೇವಕರು ಆ ಅನಿಲ ಬೆರೆತ ಗಾಳಿಯನ್ನು ಹತ್ತು ನಿಮಿಷ ಉಸಿರಾಡಬೇಕು. ಮಿದುಳಿಗೆ ಹೋಗುವ ರಕ್ತದಲ್ಲಿ ಅನಿಲ ಎಷ್ಟಿದೆ, ಮಿದುಳಿನಿಂದ ಇಳಿದು ಬರುವ ಅಭಿಧಮನಿಯಲ್ಲಿ ಎಷ್ಟಿದೆ ಎಂದು ಆಗಾಗ ಅಳೆಯಬೇಕು. ಅಡಿಕೆ ಮಂಡಿಯಲ್ಲಿ ಬಂದ ಮಾಲು, ಹೋದ ಮಾಲು ಎರಡರ ಲೆಕ್ಕದಿಂದ ವಹಿವಾಟು ಗೊತ್ತಾಗುವ ಹಾಗೆ ರಕ್ತದ ಮೊತ್ತ ಗೊತ್ತಾಗುತ್ತದೆ. ಉತ್ತರ: ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್. ಈ ಸಂಖ್ಯೆ ಇಂದಿಗೂ ನಿಂತಿದೆ. 1970ರ ದಶಕದ ಪ್ರಯೋಗಗಳು ಇದಕ್ಕೆ ಎರಡು ಗಡಿಗಳನ್ನು ಸೇರಿಸಿದವು. ಪ್ರವಾಹ 20ರ ಆಸುಪಾಸಿಗೆ ಇಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಬದುಕಿರುತ್ತದೆ. 10ರ ಹತ್ತಿರಕ್ಕೆ ಇಳಿದರೆ ಬೇಗನೆ ಸಾಯುತ್ತದೆ.

ಕೆಟಿಯವರ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಅದು ಇಡೀ ಮಿದುಳಿನ ಸರಾಸರಿ. ಅಚ್ಚುಕಟ್ಟಿಗೆ ಒಟ್ಟು ಎಷ್ಟು ನೀರು ಬಿಟ್ಟರು ಎಂದು ತಿಳಿದರೆ ಕೊನೆಯ ಗದ್ದೆಯವರಿಗೆ ಏನು ಪ್ರಯೋಜನ? ಮಿದುಳಿನಲ್ಲೂ ಅಂಥ ಕೊನೆ ಭಾಗಗಳಿವೆ. ಎರಡು ದೊಡ್ಡ ನಾಳಗಳ ವ್ಯಾಪ್ತಿ ಸಂಧಿಸುವ ಅಂಚುಗಳಲ್ಲಿ, ಒತ್ತಡ ಕುಸಿದಾಗ ಮೊದಲು ಒಣಗುವ ಪ್ರದೇಶ ಅದು. ಡೆನ್ಮಾರ್ಕಿನ ನೀಲ್ಸ್ ಲಾಸೆನ್ ಮತ್ತು ಸ್ವೀಡನ್ನಿನ ಡೇವಿಡ್ ಇಂಗ್ವಾರ್ 1960ರ ದಶಕದಲ್ಲಿ ವಿಕಿರಣಶೀಲ ಅನಿಲವನ್ನು ಕರಗಿಸಿ ಕೊರಳಿನ ನಾಳಕ್ಕೆ ಚುಚ್ಚಿ, ತಲೆಯ ಸುತ್ತ ಶೋಧಕಗಳನ್ನು ಇಟ್ಟರು. ಎಲ್ಲಿ ಅನಿಲ ಬೇಗ ತೊಳೆದುಹೋಗುತ್ತದೋ ಅಲ್ಲಿ ರಕ್ತ ಹೆಚ್ಚು. 1970ರ ದಶಕದ ಹೊತ್ತಿಗೆ ಆ ಶೋಧಕಗಳ ಸಂಖ್ಯೆ 254ಕ್ಕೆ ಏರಿತು. ಫಲಿತಾಂಶವನ್ನು ಬಣ್ಣದ ಟೆಲಿವಿಷನ್ ಪರದೆಯ ಮೇಲೆ ತೋರಿಸುತ್ತಿದ್ದರು ಎಂದು ಓದಿದಾಗ ನನ್ನಂಥ ಟಿ.ವಿ. ಕೆಲಸದವನಿಗೆ ಖುಷಿಯಾಗದೇ ಇರುತ್ತದೆಯೇ! ಆದರೆ ಒಂದು ಎಚ್ಚರಿಕೆ: ಸ್ಕ್ಯಾನ್ ಚಿತ್ರದ ಕೆಂಪು, ಹಳದಿ, ನೀಲಿಗಳು ಮಿದುಳಿನ ಬಣ್ಣಗಳಲ್ಲ. ಸಂಖ್ಯೆಗಳಿಗೆ ನಾವು ಹಚ್ಚಿದ ಬಣ್ಣಗಳು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿ ಸಿ.ಟಿ. ಯಂತ್ರದೊಳಗೆ ಮಲಗಿದರು. ಯಂತ್ರ ಕಟ್ಟಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರು ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯ ಎಂಜಿನಿಯರು. ಆ ಮೊದಲ ಚಿತ್ರದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80 ಚುಕ್ಕೆಗಳಿದ್ದವು, ಅಷ್ಟೇ. ಸಿ.ಟಿ.ಯಿಂದ ರಕ್ತಪ್ರವಾಹವನ್ನೂ ಅಳೆಯಬಹುದೆಂದು ಲಿಯಾನ್ ಆಕ್ಸೆಲ್ 1980ರಲ್ಲಿ ತೋರಿಸಿದರು. ತೋಳಿನ ಅಭಿಧಮನಿಗೆ ಅಯೊಡಿನ್ ದ್ರವ ಚುಚ್ಚಿ, ಮಿದುಳಿನ ಅದೇ ಭಾಗದ ಚಿತ್ರವನ್ನು ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ತೆಗೆಯುತ್ತ ಹೋದರೆ ಪ್ರತಿ ಚುಕ್ಕೆಯಲ್ಲೂ ದ್ರವ ಏರಿ ಇಳಿಯುವ ರೇಖೆ ಸಿಗುತ್ತದೆ. ಯಂತ್ರಗಳಿಗೆ ಅಷ್ಟು ವೇಗ ಬಂದ ಮೇಲೆ, 1990ರ ದಶಕದಿಂದೀಚೆಗೆ, ಇದು ಆಸ್ಪತ್ರೆಗಳ ಬಳಕೆಗೆ ಬಂತು.

ಇಲ್ಲಿ ಪೆನ್ಸಿಲು ಕೈಗೆ ತೆಗೆದುಕೊಳ್ಳಿ. ನೂರು ಗ್ರಾಂ ಮಿದುಳಿನ ನಾಳಗಳಲ್ಲಿ ಯಾವುದೇ ಕ್ಷಣ ಸುಮಾರು 4 ಮಿಲಿಲೀಟರ್ ರಕ್ತವಿರುತ್ತದೆ ಎನ್ನೋಣ. ಅದು ದಾಟಲು 5 ಸೆಕೆಂಡು. 4ನ್ನು 5ರಿಂದ ಭಾಗಿಸಿದರೆ ಸೆಕೆಂಡಿಗೆ 0.8, ಅರವತ್ತರಿಂದ ಗುಣಿಸಿದರೆ ನಿಮಿಷಕ್ಕೆ 48. ಕೆಟಿಯವರ ಸಂಖ್ಯೆಗೆ ಹತ್ತಿರ ಬಂದೆವು. ಈಗ ಕೊರಳಿನ ನಾಳ ಕಿರಿದಾಗಿ ಒತ್ತಡ ಇಳಿಯಿತು ಎಂದುಕೊಳ್ಳಿ. ಮಿದುಳು ಸುಮ್ಮನಿರುವುದಿಲ್ಲ, ತನ್ನ ಕಿರುನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ರಕ್ತ 6 ಮಿಲಿಲೀಟರ್ ಆಗುತ್ತದೆ, ದಾಟುವ ಸಮಯ 7.5 ಸೆಕೆಂಡು ಆಗುತ್ತದೆ. ಭಾಗಿಸಿ ನೋಡಿ: ಮತ್ತೆ 0.8, ಮತ್ತೆ 48! ಪ್ರವಾಹದ ಸಂಖ್ಯೆಯೊಂದನ್ನೇ ನೋಡಿದ ವೈದ್ಯರು ‘ಎಲ್ಲ ಸರಿಯಿದೆ’ ಎಂದಾರು. ನಿಜದಲ್ಲಿ ತೂಬುಗಳೆಲ್ಲ ಈಗಾಗಲೇ ಪೂರ್ತಿ ತೆರೆದಿವೆ. ಇನ್ನು ಸ್ವಲ್ಪ ಒತ್ತಡ ಇಳಿದರೂ ತೆರೆಯಲು ಬೇರೇನೂ ಉಳಿದಿಲ್ಲ. ಆಗ ಮಿದುಳು ಬಂದ ರಕ್ತದಿಂದಲೇ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳತೊಡಗುತ್ತದೆ. ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ತೆಗೆದುಕೊಳ್ಳುವುದು ಅರ್ಧಕ್ಕಿಂತಲೂ ಮೇಲೆ ಹೋಗಬಹುದು. ಇದು ಕೊನೆಯ ಮೆಟ್ಟಿಲು. ಇದನ್ನು ನೇರವಾಗಿ ಅಳೆಯಲು ಪೆಟ್ ಎಂಬ ಯಂತ್ರ ಬೇಕು, ಜೊತೆಗೆ ಎರಡೇ ನಿಮಿಷದಲ್ಲಿ ಅರ್ಧಕ್ಕರ್ಧ ಕರಗಿಹೋಗುವ ವಿಕಿರಣಶೀಲ ಆಮ್ಲಜನಕ ಬೇಕು. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಪಕ್ಕದ ಕೋಣೆಯಲ್ಲೇ ಇರಬೇಕಾಗುತ್ತದೆ. ಹಾಗಾಗಿ ಈ ಪರೀಕ್ಷೆ ಲೋಕದಲ್ಲಿ ಕೆಲವೇ ಕಡೆ ನಡೆಯುತ್ತದೆ.

ಉಳಿದವರು ಜಾಣತನದ ದಾರಿಯೊಂದನ್ನು ಹಿಡಿದರು. ಕಣ್ಣಿನ ಒತ್ತಡಕ್ಕೆ ಕೊಡುವ ಅಸೆಟಜೋಲಮೈಡ್ ಎಂಬ ಔಷಧ ಮಿದುಳಿನ ನಾಳಗಳನ್ನು ಹಿಗ್ಗಿಸುತ್ತದೆ. ಅದನ್ನು ಚುಚ್ಚುವ ಮೊದಲೊಮ್ಮೆ, ಆಮೇಲೊಮ್ಮೆ ಪ್ರವಾಹ ಅಳೆದರೆ ಮೀಸಲು ಎಷ್ಟಿದೆ ಎಂದು ತಿಳಿಯುತ್ತದೆ. ಆರೋಗ್ಯವಾಗಿರುವ ಭಾಗದಲ್ಲಿ ಪ್ರವಾಹ ಚೆನ್ನಾಗಿ ಏರುತ್ತದೆ. ತೂಬುಗಳು ಮೊದಲೇ ತೆರೆದಿರುವ ಭಾಗದಲ್ಲಿ ಏರುವುದಿಲ್ಲ. ಕೆಲವೊಮ್ಮೆ ಇಳಿಯುತ್ತದೆ, ಏಕೆಂದರೆ ಮೇಲಿನವರು ತೂಬು ಎತ್ತಿದಾಗ ಕೆಳಗಿನವರ ಪಾಲಿನ ನೀರೂ ಅತ್ತಲೇ ಹೋಗುತ್ತದೆ. ಹರಿಹರದ ಆ ರೈತರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪ್ರವಾಹ ಅಳೆಯಲು ಇಲ್ಲಿ ಹೆಚ್ಚಾಗಿ ಬಳಸುವುದು ಸ್ಪೆಕ್ಟ್ ಎಂಬ ಸ್ಕ್ಯಾನ್. ಅದರ ಟೆಕ್ನೀಷಿಯಂ ಸಂಯುಕ್ತ ಮಿದುಳನ್ನು ಹೊಕ್ಕ ಕೆಲವೇ ನಿಮಿಷಗಳಲ್ಲಿ ಅಲ್ಲೇ ಅಂಟಿಕೊಳ್ಳುತ್ತದೆ. ಬಲೂನಿನಿಂದ ನಾಳ ಮುಚ್ಚಿದ ಹೊತ್ತಿನಲ್ಲೇ ಅದನ್ನು ಚುಚ್ಚಿ, ಬಲೂನು ತೆಗೆದು, ಆಮೇಲೆ ನಿಧಾನವಾಗಿ ಚಿತ್ರ ತೆಗೆದರೂ ಮುಚ್ಚಿದ್ದ ಕ್ಷಣದ ಪ್ರವಾಹವೇ ಕಾಣುತ್ತದೆ. ಬಲೂನು ಊದಿದಾಗ ಚೆನ್ನಾಗಿ ಮಾತಾಡಿದ ಕೆಲವರಿಗೂ ನಾಳ ಕಟ್ಟಿದ ಮೇಲೆ ಲಕ್ವ ಹೊಡೆದದ್ದುಂಟು. ಅದಕ್ಕೇ ಈ ಚಿತ್ರ ಬೇಕಾಯಿತು.

ಪಿ.ಜೆ. ಬಡಾವಣೆಯಂಥ ಕಡೆ ಸುಲಭವಾಗಿ ಸಿಗುವುದು ಡಾಪ್ಲರ್ ಪರೀಕ್ಷೆ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ವವನ್ನೇ ಬಳಸಿ, ಶ್ರವಣಾತೀತ ಧ್ವನಿಯಿಂದ ರಕ್ತದ ವೇಗ ಅಳೆಯುತ್ತಾರೆ. ನಾರ್ವೆಯ ರೂನೆ ಆಸ್ಲಿಡ್ 1982ರಲ್ಲಿ ಕಣತಲೆಯ ತೆಳು ಮೂಳೆಯ ಮೂಲಕ ಮಿದುಳಿನ ಒಳನಾಳಗಳನ್ನೂ ಹೀಗೆ ಆಲಿಸಿದರು. ಅಗ್ಗ, ನೋವಿಲ್ಲ, ವಿಕಿರಣವಿಲ್ಲ. ಆದರೆ ವೇಗ ಬೇರೆ, ಮೊತ್ತ ಬೇರೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ರಭಸವಾಗಿ ಚಿಮ್ಮುತ್ತದೆ, ಬಿಂದಿಗೆ ಮಾತ್ರ ಬೇಗ ತುಂಬುವುದಿಲ್ಲ.

ಇಷ್ಟೆಲ್ಲ ಅಳೆದು ಏನಾಯಿತು? ಕಥೆಯ ಈ ಭಾಗವನ್ನು ಯಂತ್ರ ಮಾರುವವರು ಹೇಳುವುದಿಲ್ಲ. 1967ರಲ್ಲಿ ಜ್ಯೂರಿಕ್‌ನ ಯಾಸರ್‌ಗಿಲ್ ನೆತ್ತಿಯ ಚರ್ಮದ ಅಪಧಮನಿಯನ್ನು ಮಿದುಳಿನ ಅಪಧಮನಿಗೆ ಹೊಲಿದು, ಮುಚ್ಚಿದ ನಾಳಕ್ಕೆ ಬದಲಿ ಕಾಲುವೆ ಮಾಡಿದರು. ತರ್ಕಕ್ಕೆ ಎಷ್ಟು ಸರಿ ಎನಿಸುತ್ತದೆ! 1377 ರೋಗಿಗಳ ಮೇಲೆ ನಡೆದ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ 1985ರಲ್ಲಿ ಬಂತು: ಲಕ್ವ ಕಡಿಮೆಯಾಗಲಿಲ್ಲ. ನಾಳ ನೋಡಿ ರೋಗಿಗಳನ್ನು ಆರಿಸಿದ್ದೇ ತಪ್ಪು, ಪ್ರವಾಹ ನೋಡಿ ಆರಿಸಬೇಕಿತ್ತು ಎಂದರು ಟೀಕಾಕಾರರು. ಮಾತು ಸರಿಯಾಗಿಯೇ ಇತ್ತು. 2011ರಲ್ಲಿ, ಪೆಟ್ ಯಂತ್ರದಿಂದ ಆಮ್ಲಜನಕದ ಲೆಕ್ಕ ನೋಡಿಯೇ ಆರಿಸಿದ 195 ರೋಗಿಗಳ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 21, ಔಷಧ ಮಾತ್ರ ಪಡೆದವರಲ್ಲಿ ನೂರಕ್ಕೆ 22.7 ಜನರಿಗೆ ಅದೇ ಪಕ್ಕದಲ್ಲಿ ಲಕ್ವ. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಮೊದಲ ಮೂವತ್ತು ದಿನಗಳಲ್ಲಂತೂ ಶಸ್ತ್ರಚಿಕಿತ್ಸೆಯ ಗುಂಪೇ ಹೆಚ್ಚು ನರಳಿತ್ತು: ಅಲ್ಲಿ ನೂರಕ್ಕೆ 14.4, ಇತ್ತ 2. ಸಿ.ಟಿ.ಯಿಂದ ಪ್ರವಾಹ ಅಳೆದು ಆರಿಸಿದ ರೋಗಿಗಳ ಮೇಲೆ ಚೀನಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯೂ ಸ್ಪಷ್ಟ ಲಾಭ ತೋರಿಸಲಿಲ್ಲ. ಅಳತೆ ಸುಳ್ಳಾಗಿರಲಿಲ್ಲ; ಪ್ರವಾಹ ಕಡಿಮೆಯಿರುವವರಿಗೆ ಅಪಾಯ ಹೆಚ್ಚು ಎಂಬುದು ನಿಜವೇ. ಆದರೆ ಅಪಾಯವನ್ನು ಗುರುತಿಸುವುದಕ್ಕೂ ಅದನ್ನು ಶಸ್ತ್ರದಿಂದ ಕಳೆಯುವುದಕ್ಕೂ ನಡುವೆ ದೊಡ್ಡ ಅಂತರವಿದೆ. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಗೌರವ ಮೂಡಿಸುವುದು ಯಂತ್ರ ಕಟ್ಟಿದವರಿಗಿಂತಲೂ, ತಾವೇ ನಂಬಿದ್ದ ಚಿಕಿತ್ಸೆಯನ್ನು ಹೀಗೆ ಪರೀಕ್ಷೆಗೆ ಒಡ್ಡಿ ಬಂದ ಉತ್ತರವನ್ನು ಅಚ್ಚು ಹಾಕಿಸಿದವರು.

ನಮ್ಮ ರೈತರ ಕಾಯಿಲೆಯದು ಬೇರೆ ಲೆಕ್ಕ. ಕೊರಳಿನ ಕೆರೋಟಿಡ್ ಕಿರಿದಾದಾಗ ಬಹುಪಾಲು ಕೇಡು ನೀರಿನ ಕೊರತೆಯಿಂದ ಬರುವುದಿಲ್ಲ. ನಾಳದ ಒಳಗೋಡೆಗೆ ಕಟ್ಟಿದ ಕೊಬ್ಬಿನ ಗಸಿಯ ಮೇಲಿಂದ ಹೆಪ್ಪು ಕಳಚಿ, ತೇಲಿ ಹೋಗಿ, ಮುಂದಿನ ಸಣ್ಣ ನಾಳಕ್ಕೆ ಸಿಕ್ಕಿಕೊಳ್ಳುತ್ತದೆ. 1953–54ರಿಂದಲೂ ಈ ಗಸಿಯನ್ನು ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಒಮ್ಮೆ ಲಕ್ಷಣ ಕಾಣಿಸಿ, ನಾಳ ನೂರಕ್ಕೆ ಎಪ್ಪತ್ತರಷ್ಟೋ ಹೆಚ್ಚೋ ಕಿರಿದಾದವರಲ್ಲಿ, ಎರಡು ವರ್ಷದೊಳಗೆ ಲಕ್ವವಾಗುವ ಪ್ರಮಾಣ ಇದರಿಂದ ನೂರಕ್ಕೆ 26ರಿಂದ 9ಕ್ಕೆ ಇಳಿಯಿತೆಂದು 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನ ತೋರಿಸಿತು. ಇಲ್ಲಿ ನಾಳದ ಚಿತ್ರವೇ ಸಾಕಾಯಿತು. (ಅರ್ಧ ಗಂಟೆಯಲ್ಲಿ ಸರಿಹೋದ ಲಕ್ವವನ್ನೂ ಅದೇ ದಿನ ವೈದ್ಯರಿಗೆ ತೋರಿಸಬೇಕು, ಮನೆಯಲ್ಲಿ ಹಿರಿಯರಿದ್ದರೆ ಹೇಳಿಡಿ.) ಆದರೂ ಪ್ರವಾಹದ ಅಳತೆಗೆ ಅಲ್ಲೂ ಒಂದು ಕೆಲಸವಿದೆ. ವರ್ಷಗಟ್ಟಲೆ ಬತ್ತಿದ್ದ ಕಾಲುವೆಗೆ ಒಮ್ಮೆಲೇ ತುಂಬು ನೀರು ಬಿಟ್ಟರೆ ಏರಿ ಒಡೆಯುವುದನ್ನು ನೀವು ನೋಡಿರಬಹುದು. ಮೀಸಲು ಪೂರ್ತಿ ಮುಗಿದಿದ್ದವರಲ್ಲಿ ನಾಳ ತೆರೆದ ಬಳಿಕ ರಕ್ತ ನುಗ್ಗಿ ತಲೆನೋವು, ಸೆಳವು, ಕೆಲವೊಮ್ಮೆ ಮಿದುಳಿನಲ್ಲಿ ರಕ್ತಸ್ರಾವವೇ ಆಗುತ್ತದೆ. ಅಮೆರಿಕದ ಥೊರಾಲ್ಫ್ ಸುಂಟ್ 1981ರಲ್ಲಿ ಇದನ್ನು ವಿವರಿಸಿದರು. ಯಾರಿಗೆ ಹೀಗಾಗಬಹುದೆಂದು ಮೊದಲೇ ಗೊತ್ತಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಅವರ ರಕ್ತದೊತ್ತಡವನ್ನು ಬಿಗಿಯಾಗಿ ಕಾಯುತ್ತಾರೆ.

ಬದಲಿ ಕಾಲುವೆಯ ಶಸ್ತ್ರಚಿಕಿತ್ಸೆ ಇನ್ನೂ ಉಳಿದುಕೊಂಡಿರುವುದು ಮುಖ್ಯವಾಗಿ ಮೋಯಾಮೋಯಾ ಎಂಬ ಅಪರೂಪದ ಕಾಯಿಲೆಗೆ. ಮಕ್ಕಳಲ್ಲೂ ಎಳೆಯ ಪ್ರಾಯದವರಲ್ಲೂ ವಿಲ್ಲಿಸ್ ವೃತ್ತದ ಸುತ್ತಲಿನ ನಾಳಗಳು ಮೆಲ್ಲಗೆ ಮುಚ್ಚುತ್ತ ಬಂದು, ಬದಲಿಗೆ ಎಳೆಎಳೆಯಾದ ಕಿರುನಾಳಗಳು ಮೂಡುತ್ತವೆ. ಆಂಜಿಯೋಗ್ರಾಮಿನಲ್ಲಿ ಅವು ಹೊಗೆಯ ಸುರುಳಿಯಂತೆ ಕಂಡದ್ದರಿಂದ ಜಪಾನಿನ ಸುಜುಕಿ ಮತ್ತು ತಕಾಕು 1969ರಲ್ಲಿ ಈ ಹೆಸರಿಟ್ಟರು. ನಿಮ್ಹಾನ್ಸ್‌ನಲ್ಲೂ ಇದಕ್ಕೆ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಪೆಟ್ ಮತ್ತು ಎಂ.ಆರ್.ಐ. ಎರಡನ್ನೂ ಒಟ್ಟಿಗೆ ತೆಗೆಯುವ ಯಂತ್ರವೂ ಅಲ್ಲಿದೆ. ಮಕ್ಕಳಿಗೆ ಹಿತವಾದ ವಿಧಾನವೊಂದು ಎಂ.ಆರ್.ಐ.ಯಲ್ಲೇ ಇದೆ. 1992ರಲ್ಲಿ ಜಾನ್ ಡೆಟ್ರೆ, ಡೊನಾಲ್ಡ್ ವಿಲಿಯಮ್ಸ್ ಮೊದಲಾದವರು ಪ್ರಕಟಿಸಿದ ಈ ವಿಧಾನದಲ್ಲಿ ಹೊರಗಿನಿಂದ ಯಾವ ದ್ರವವನ್ನೂ ಚುಚ್ಚುವುದಿಲ್ಲ. ಕೊರಳಿನಲ್ಲಿ ಹರಿಯುವ ರಕ್ತದೊಳಗಿನ ನೀರಿಗೇ ರೇಡಿಯೋ ಅಲೆಗಳಿಂದ ಒಂದು ಗುರುತು ಹಾಕುತ್ತಾರೆ, ಎರಡು ಸೆಕೆಂಡಿನಷ್ಟು ಕಾಯುತ್ತಾರೆ, ಆ ಗುರುತು ಮಿದುಳಿನ ಯಾವ ಮೂಲೆಗೆ ಎಷ್ಟು ತಲುಪಿತೆಂದು ನೋಡುತ್ತಾರೆ. ಸುತ್ತುಬಳಸಿ ಬರುವ ರಕ್ತ ತಡವಾಗಿ ಬರುತ್ತದೆ. ಅಷ್ಟರಲ್ಲಿ ಗುರುತು ಮಾಸಿ, ಇರುವ ರಕ್ತವೂ ಇಲ್ಲದಂತೆ ಕಾಣುತ್ತದೆ. ಮೋಯಾಮೋಯಾದಲ್ಲಿ ಆಗುವುದೂ ಹೀಗೆಯೇ. ಹಾಗಾಗಿ ಈಗ ಕಾಯುವ ಸಮಯವನ್ನು ಬದಲಿಸುತ್ತ ನಾಲ್ಕಾರು ಸಲ ಅಳೆಯುತ್ತಾರೆ.